ಪದ್ಯದ ಎಲ್ಲೆ, ಅರ್ಥದ ಬಯಲು

ತುಳುನಾಡಿನಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಯಕ್ಷಗಾನ ಕಲಾವಿದರ ತಂಡಗಳು ಮುಂಬಯಿಗೆ ಬರುವ ವಾಡಿಕೆ ಹಲವು ದಶಕಗಳದು. ಮಾಟುಂಗಾ, ಕುರ್ಲಾ, ಸಾಂತಾಕ್ರೂಜ್‌ಗಳ ಸಭಾಗೃಹಗಳಲ್ಲಿ ತಾಳಮದ್ದಳೆ ಮುಗಿದು ರಸಿಕರು ಲೋಕಲ್ ಗಾಡಿ ಹಿಡಿಯುವಾಗ ಚರ್ಚೆಯೊಂದು ಅವರನ್ನು ಹಿಂಬಾಲಿಸುತ್ತದೆ: ಅರ್ಥಧಾರಿ ಆಡಿದ ಆ ಮಾತು ಮೂಲದಲ್ಲಿ ಉಂಟೇ?

ಯಾವ ಮೂಲ? ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ವಾಲ್ಮೀಕಿಗಿಂತ ತೊರವೆ ರಾಮಾಯಣಕ್ಕೆ ಹೆಚ್ಚು ಋಣಿಯಾದವು. ಆ ಸುಬ್ಬನಾದರೂ ಯಾರೆಂಬುದು ವಿವಾದಕ್ಕೆ ಹೊರತಾಗಿಲ್ಲ. ಮುಳಿಯ ತಿಮ್ಮಪ್ಪಯ್ಯನವರು ಕುಂಬಳೆಯ ಕವಿಯ ಪಕ್ಷವನ್ನು ಹಿಡಿದರೆ, ಶಿವರಾಮ ಕಾರಂತರು ಆ ಕರ್ತೃತ್ವವನ್ನು ಒಪ್ಪಲಿಲ್ಲ.

ಹಿಂದಣ ಸಾಹಿತ್ಯದಲ್ಲಿ ಇದಕ್ಕೆ ಸೋಜಿಗದ ನಿದರ್ಶನವೊಂದಿದೆ. ಗದುಗಿನ ಕುಮಾರವ್ಯಾಸನು ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಿದನು. ಉಳಿದುದನ್ನು ಕೃಷ್ಣದೇವರಾಯನ (1509–1529) ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರೈಸಿದನು. ರಾಜಾಶ್ರಯವಿತ್ತು, ವ್ಯಾಸರ ಕಥೆಯ ಬೆಂಬಲವೂ ಇತ್ತು. ಆದರೂ ಗಮಕಿಗಳ ನಾಲಗೆಗೆ ಅದು ಹತ್ತಲಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದ ಸುಧನ್ವ, ಚಂದ್ರಹಾಸರಾದರೋ ವ್ಯಾಸಭಾರತದಲ್ಲಿ ಇಲ್ಲವೇ ಇಲ್ಲ. ಜನ ಅವರನ್ನು ಭಾರತದ ಮನೆಮಕ್ಕಳೆಂದೇ ಎಣಿಸಿದರು. ಯಾವುದು ಪ್ರಮಾಣವೆಂಬುದನ್ನು ಕವಿಯೂ ಅರಸನೂ ನಿರ್ಣಯಿಸಿದಂತೆ ತೋರುವುದಿಲ್ಲ. ನಿರ್ಣಯಿಸಿದವರು ಕೇಳುಗರು.

ತಾಳಮದ್ದಳೆಯಲ್ಲಿ ಈ ಬಿಡುತನಕ್ಕೆ ಒಂದು ಕಟ್ಟುಂಟು. ಭಾಗವತನು ಹಾಡುವ ಪದ್ಯ ಮೊದಲೇ ಗೊತ್ತಾದುದು. ಅದರ ಅರ್ಥವನ್ನು ಮಾತ್ರ ಅರ್ಥಧಾರಿ ಆಶುವಾಗಿ ಬೆಳೆಸುತ್ತಾನೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆಂದರೆ ರಾಮನ ಪಾತ್ರಧಾರಿ ಎಚ್ಚರದಿಂದಿರಬೇಕಾಗುತ್ತಿತ್ತು. ಮರೆಯಿಂದ ಬಾಣ ಬಿಟ್ಟುದರ ಔಚಿತ್ಯವನ್ನು ವಾಲ್ಮೀಕಿಯ ವಾಲಿಯೇ ಪ್ರಶ್ನಿಸಿದ್ದಾನೆ. ಶೇಣಿಯವರು ಆ ಪ್ರಶ್ನೆಗೆ ನ್ಯಾಯಾಲಯದ ವಾದದ ಮೊನೆಯನ್ನು ಕೊಟ್ಟರು. ಇದು ಪುರಾಣದ್ರೋಹವೆಂದವರೂ ಇಲ್ಲದಿಲ್ಲ. ಅವರು ಒಂದನ್ನು ಮರೆತರು: ವಾದದಲ್ಲಿ ವಾಲಿ ಎಷ್ಟೇ ಗೆದ್ದರೂ, ಭಾಗವತನು ಮುಂದಿನ ಪದ್ಯವನ್ನೆತ್ತಿದೊಡನೆ ಅವನು ರಾಮನಿಗೆ ಶರಣಾಗಲೇಬೇಕು. ಗೆದ್ದ ವಾದವನ್ನು ಕೈಬಿಟ್ಟು ಶರಣಾಗುವ ಆ ತಿರುವನ್ನು ಸಹಜವೆನಿಸುವುದೇ ಅರ್ಥಧಾರಿಯ ನಿಜವಾದ ಪರೀಕ್ಷೆ. ಅಲ್ಲಿ ಸೋತವನ ಪಾಂಡಿತ್ಯ ಬರಿಯ ವಾಚಾಳಿತನ.

ಊರಿನ ಶ್ರೋತೃವಿಗೆ ಈ ತಿರುವು ತಾನಾಗಿ ತಿಳಿಯುತ್ತದೆ. ಪದ್ಯ ಅವನಿಗೆ ಬಾಯಿಪಾಠ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಮುಂಬಯಿಯ ಹಿಂದಿನ ತಲೆಮಾರಿನವರಿಗೂ ಆ ಸಂಸ್ಕಾರ ಊರಿನಿಂದಲೇ ಬಂದಿತ್ತು. ಅವರ ಮೊಮ್ಮಕ್ಕಳ ಸ್ಥಿತಿ ಬೇರೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿದರೂ ಕನ್ನಡ ಲಿಪಿಯನ್ನು ಓದಲಾರದವರು ಅವರಲ್ಲಿ ಅನೇಕರು. ತೊರವೆಯನ್ನಾಗಲಿ ಪ್ರಸಂಗದ ಪುಸ್ತಕವನ್ನಾಗಲಿ ತೆರೆಯದ ಈ ಮಕ್ಕಳು, ಸಭಾಗೃಹದಲ್ಲಿ ಅಜ್ಜನ ಪಕ್ಕದಲ್ಲಿ ಕುಳಿತು ಕೇಳಿದ ಅರ್ಥವನ್ನೇ ರಾಮಾಯಣವೆಂದು ಮನೆಗೆ ಒಯ್ಯುತ್ತಾರೆ.