ದೂರದಲ್ಲಿ ಕೇಳಿಸಿಕೊಳ್ಳುವವರು

ಪ್ರತಿ ಗುರುವಾರ ಸಂಜೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಪಕ್ಕದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಮುಕ್ಕಾಲು ಗಂಟೆ ಮಾತಾಡುತ್ತಿದ್ದೆ. ವಾಕಿಂಗ್ ಬಂದವರು ನೋಡಿ, ಯಾವುದೋ ಆಫೀಸ್ ಕಾಲ್ ಇರಬೇಕು, ಪಾಪ, ಅಂದುಕೊಂಡಿರುತ್ತಾರೆ. ಆ ಕಡೆ ಇದ್ದವರು ಒಬ್ಬ ಸೈಕಾಲಜಿಸ್ಟ್. ಅವರಿರೋದು ಧಾರವಾಡದಲ್ಲಿ. ನಾವಿಬ್ಬರೂ ಇವತ್ತಿನವರೆಗೆ ಎದುರುಬದುರು ಕೂತಿಲ್ಲ.

ಅಪ್ಪ ಹೋಗಿ ಆಗ ಎರಡು ವರ್ಷ. ಅಳು ಬಂದಿರಲಿಲ್ಲ, ಆದರೆ ನಿದ್ದೆಯೂ ಬರುತ್ತಿರಲಿಲ್ಲ. ಮೈಸೂರಲ್ಲೇ ಯಾರನ್ನಾದರೂ ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳೋಕೆ ಇದು ದೊಡ್ಡ ಊರು, ಆದರೆ ದೇವರಾಜ ಮಾರ್ಕೆಟ್‌ಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತರೋಷ್ಟರಲ್ಲಿ ಮೂರು ಜನ ನೆಂಟರು ಸಿಗ್ತಾರೆ. ಕ್ಲಿನಿಕ್ ಮೆಟ್ಟಿಲು ಹತ್ತೋದನ್ನ ಒಬ್ಬರು ನೋಡಿದರೂ ಸಾಕು, ಅಮ್ಮನಿಗೆ ಗೊತ್ತಾಗುತ್ತೆ. ಮನೆಯಲ್ಲಿ ಕೂತು ಮಾತಾಡೋಣ ಅಂದ್ರೆ ಕುವೆಂಪುನಗರದ ಆ ಎರಡು ರೂಮಿನ ಮನೆಯಲ್ಲಿ ಗೋಡೆಯ ಆಚೆ ಸೀನಿದರೂ ಈಚೆ ಕೇಳುತ್ತೆ. ಹಾಗಾಗಿ ಕಾರು.

ಒಂದು ಗುರುವಾರ ಬೇಗ ಬಂದು ಕಾಯ್ತಾ ಕೂತಾಗ, ಕೆರೆಯ ಆಚೆ ಕಾಣೋ ಮಾನಸಗಂಗೋತ್ರಿಯಲ್ಲಿ ಸೈಕಾಲಜಿ ಯಾವಾಗ ಶುರುವಾಯ್ತು ಅಂತ ಫೋನಿನಲ್ಲಿ ಹುಡುಕಿದೆ. ಆಗ ಸಿಕ್ಕ ಹೆಸರು ಎಂ. ವಿ. ಗೋಪಾಲಸ್ವಾಮಿ. ಈ ಹೆಸರನ್ನು ನಾನು ಕೇಳಿದ್ದೆ, ಆದರೆ ರೇಡಿಯೋ ಲೆಕ್ಕದಲ್ಲಿ. ಮೈಸೂರಿನ ಕ್ವಿಜ್‌ಗಳಲ್ಲಿ ತಪ್ಪದೇ ಬರೋ ಪ್ರಶ್ನೆ ಅದು: ಆಕಾಶವಾಣಿ ಶುರು ಮಾಡಿದವರು ಯಾರು? ಅವರ ಹೊಟ್ಟೆಪಾಡಿನ ಕೆಲಸ ಮನಶ್ಶಾಸ್ತ್ರ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಓದಿ ಬಂದವರು. ಬುದ್ಧಿಶಕ್ತಿಯನ್ನು ಅಳೆಯಬಹುದು ಅಂತ ಲೆಕ್ಕ ಹಾಕಿ ತೋರಿಸಿದ ಸ್ಪಿಯರ್‌ಮನ್ ಇವರೇ. 1924ರಲ್ಲಿ, ಬ್ರಜೇಂದ್ರನಾಥ ಶೀಲ್ ಕುಲಪತಿಗಳಾಗಿದ್ದ ಕಾಲದಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಭಾರತದಲ್ಲಿ ಅದಕ್ಕಿಂತ ಹಳೆಯದು ಅಂದರೆ 1916ರ ಕಲ್ಕತ್ತಾ ವಿಭಾಗ. ಮೈಸೂರಿನ ವಿಭಾಗವನ್ನು ಕಟ್ಟಿದವರು ಗೋಪಾಲಸ್ವಾಮಿ.

ಮುಂದೆ 1935ರ ಸೆಪ್ಟೆಂಬರ್ 10ರಂದು ಇದೇ ಮೇಷ್ಟ್ರು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಯಾದವಗಿರಿಯಲ್ಲಿ ಈಗಿರೋ ನಿಲ್ದಾಣಕ್ಕೆ ಆ ಮನೆ ಹತ್ತಿರವೇ. ಮೊದಮೊದಲು ಖರ್ಚು ಸ್ವಂತದ್ದು. 'ಆಲ್ ಇಂಡಿಯಾ ರೇಡಿಯೋ' ಅನ್ನೋ ಹೆಸರು ಬಂದದ್ದೇ 1936ರಲ್ಲಿ. ಅದಕ್ಕೂ ಮುಂಚೆ ನಮ್ಮೂರಿನ ಒಂದು ಮನೆ 'ಆಕಾಶವಾಣಿ' ಆಗಿತ್ತು. ಹೆಸರಿಟ್ಟವರು ಯಾರು ಅಂದರೆ ಗೋಪಾಲಸ್ವಾಮಿ ಅನ್ನೋರೂ ಇದ್ದಾರೆ, ಜೊತೆಗಿದ್ದ ನಾ. ಕಸ್ತೂರಿ ಅನ್ನೋರೂ ಇದ್ದಾರೆ. 1942ರಲ್ಲಿ ಸಂಸ್ಥಾನ ಅದನ್ನು ವಹಿಸಿಕೊಂಡಿತು. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋಗೇ ಆ ಹೆಸರು ಹೋಯಿತು.

ಮನಸ್ಸನ್ನು ಓದಿದ ಮನುಷ್ಯನಿಗೆ ದನಿಯನ್ನು ದೂರ ಕಳಿಸೋ ಹುಚ್ಚು ಯಾಕೆ ಹಿಡಿಯಿತು? ಕಾರಣ ಅವರಿಗೇ ಗೊತ್ತು. ನನ್ನ ತಲೆಯಲ್ಲಿ ಕೂತದ್ದು ಬೇರೆ. ರೇಡಿಯೋದಲ್ಲಿ ಮಾತಾಡೋರು ದೂರ ಇರ್ತಾರೆ, ಕೇಳೋರು ಮನೆಯಲ್ಲಿ. ನನ್ನ ಗುರುವಾರದ ಕಾಲ್ ಇದರ ಉಲ್ಟಾ. ಮಾತಾಡೋದು ನಾನು, ಕೇಳಿಸಿಕೊಳ್ಳೋರು ದೂರ. ದನಿ ದೂರ ಹೋಗೋಕೆ ಒಂದು ಯಂತ್ರ ಸಾಕಾಯಿತು. ಆ ಕಡೆ ಕಿವಿ ಕೊಟ್ಟು ಕೂರೋ ಒಬ್ಬರನ್ನು ಹುಟ್ಟಿಸೋಕೆ ಇನ್ನೂ ಬಹಳ ಕಾಲ ಹಿಡಿಯಿತು.

ಆ ಕಾಲದಲ್ಲಿ ಮನಸ್ಸಿನ ಕಾಯಿಲೆ ಅಂದರೆ ಬೆಂಗಳೂರಿನ ಹುಚ್ಚಾಸ್ಪತ್ರೆ ಅಂತಲೇ. 1925ರಲ್ಲಿ ಅದಕ್ಕೆ 'ಮೆಂಟಲ್ ಹಾಸ್ಪಿಟಲ್' ಅಂತ ಹೆಸರು ಬದಲಾಯಿಸಿದರು, 1954ರಲ್ಲಿ ಅಲ್ಲೇ ಅಖಿಲ ಭಾರತ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ಎಷ್ಟು ಸಲ ಬದಲಾದರೂ ಬೈಗುಳ ಮಾತ್ರ ಹಿಂದೆಯೇ ಬಂತು. 'ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು' ಅಂತ ನಾನೇ ಸ್ಕೂಲಲ್ಲಿ ಎಷ್ಟು ಜನಕ್ಕೆ ಅಂದಿದ್ದೀನೋ.

ಕನ್ನಡದಲ್ಲಿ ಈ ಮುಜುಗರವನ್ನು ಸ್ವಲ್ಪ ಸಡಿಲ ಮಾಡಿದ್ದು ಅಚ್ಚಿನ ಅಕ್ಷರ. 'ಕೊರವಂಜಿ' ನಡೆಸಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಮನಮಂಥನ' ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಟ್ಟ ಪುಟ್ಟ ಪುಸ್ತಕಗಳನ್ನು ಓದದ ಮನೆಗಳು ಕಮ್ಮಿ. ವಾರಪತ್ರಿಕೆಗಳ ಪ್ರಶ್ನೋತ್ತರ ನೆನಪಿದೆಯಾ? 'ಹೆಸರು, ಊರು ಬೇಡ' ಅಂತ ಕೊನೆಗೆ ಇರುತ್ತಿತ್ತಲ್ಲ, ಅದು. ಮುಖ ತೋರಿಸದೆ ನೋವು ಹೇಳಿಕೊಳ್ಳೋಕೆ ಜನ ಹದಿನೈದು ಪೈಸೆ ಕಾರ್ಡು, ಇನ್‌ಲ್ಯಾಂಡ್ ಲೆಟರ್ ಕಾಲದಿಂದಲೂ ದಾರಿ ಹುಡುಕಿದ್ದಾರೆ. ತೊಂದರೆ ಒಂದೇ, ಉತ್ತರಕ್ಕೆ ವಾರಗಟ್ಟಲೆ ಕಾಯಬೇಕು.

ಹೊರಗಡೆ ಕಥೆ ಸ್ವಲ್ಪ ಬೇಗ ಓಡಿತ್ತು. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವರಾ, ಸಾಯಬೇಕು ಅನ್ನಿಸಿದವರು ಫೋನ್ ಮಾಡಲಿ ಅಂತ ಒಂದು ಸೇವೆ ಶುರು ಮಾಡಿದರು. ಅವರಿಗಾಗಿ ಕಾಯ್ತಾ ಕೂತವರಿಗೆ ಸ್ವಯಂಸೇವಕರು ಟೀ ಕೊಟ್ಟು ಮಾತಾಡಿಸುತ್ತಿದ್ದರಂತೆ. ಎಷ್ಟೋ ಜನ ಅಷ್ಟಕ್ಕೇ ಹಗುರಾಗಿ ಪಾದ್ರಿಯನ್ನು ನೋಡದೆ ಎದ್ದು ಹೋಗ್ತಿದ್ದರು. 1959ರಲ್ಲಿ ಅಮೆರಿಕದ ನೆಬ್ರಾಸ್ಕದ ಮನೋವೈದ್ಯರು ಎರಡೂ ಕಡೆ ಕಾಣುವ ಟೀವಿ ಕಟ್ಟಿಕೊಂಡರು. 1964ರಲ್ಲಿ ಸುಮಾರು 180 ಕಿಲೋಮೀಟರ್ ದೂರದ ಆಸ್ಪತ್ರೆಯ ರೋಗಿಗಳನ್ನು ಅದರಲ್ಲೇ ನೋಡತೊಡಗಿದರು. ಮೈಸೂರಿಂದ ಬೆಂಗಳೂರು ಅದಕ್ಕಿಂತ ಹತ್ತಿರ!

ನಮ್ಮ ಕಡೆಗೂ ಪರದೆಯ ಮೇಲಿನ ಡಾಕ್ಟರು ಬಂದದ್ದು ಲಾಕ್‌ಡೌನ್‌ನಲ್ಲಲ್ಲ. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಹೆಗ್ಗಡದೇವನಕೋಟೆ ಕಡೆಯ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನು ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಿತ್ತು. ಎದೆ ಮೊದಲು, ಮನಸ್ಸು ಆಮೇಲೆ. ದೇಶದಲ್ಲಿ ವೈದ್ಯರು ಫೋನು, ವಿಡಿಯೋದಲ್ಲಿ ರೋಗಿಗಳನ್ನು ನೋಡೋಕೆ ಸ್ಪಷ್ಟ ನಿಯಮ ಬಂದದ್ದು 2020ರ ಮಾರ್ಚ್ 25ಕ್ಕೆ, ಲಾಕ್‌ಡೌನಿನ ಮೊದಲ ದಿನ. 2022ರ ಅಕ್ಟೋಬರ್ 10ಕ್ಕೆ ಟೆಲಿ ಮಾನಸ್ ಬಂತು. 14416ಕ್ಕೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕನ್ನಡದಲ್ಲೇ ಅನ್ನೋದನ್ನು ಸುಮ್ಮನೆ ಹೇಳುತ್ತಿಲ್ಲ. ಮೊದಲು ನಾನು ಒಂದು ಆಪ್‌ನಲ್ಲಿ ಸಿಕ್ಕವರ ಹತ್ತಿರ ಇಂಗ್ಲಿಷಿನಲ್ಲಿ ಮೂರು ಸಲ ಮಾತಾಡಿದ್ದೆ. ಒಳ್ಳೆಯವರೇ. ಆದರೆ ನಾನು ಅಲ್ಲಿ ಆಫೀಸಿನ ರಿವ್ಯೂ ಮೀಟಿಂಗ್ ಥರ, ಅಚ್ಚುಕಟ್ಟಾಗಿ, ಕ್ರಮವಾಗಿ ಹೇಳಿಬಿಡುತ್ತಿದ್ದೆ. ಧಾರವಾಡದವರು ಮೊದಲ ದಿನ ಕೇಳಿದ್ದು, "ಅಪ್ಪನ್ನ ಏನಂತ ಕರೀತಿದ್ರಿ ನೀವು?" ನಾನು 'ಅಣ್ಣ' ಅಂದೆ. ನಮ್ಮ ಮನೆಯಲ್ಲಿ ಹಾಗೇ. ಎರಡು ವರ್ಷದಿಂದ ಆ ಪದವನ್ನು ಬಾಯಲ್ಲಿ ಆಡಿರಲೇ ಇಲ್ಲ ಅನ್ನೋದು ಆಗ ಗೊತ್ತಾಯ್ತು. ಆಮೇಲೆ ಅವತ್ತು ಮಾತಾಡೋಕಾಗಲಿಲ್ಲ. ಅವರು ಕಾಲ್ ಕಟ್ ಮಾಡದೆ ಸುಮ್ಮನೆ ಇದ್ದರು. ನೆಟ್‌ವರ್ಕ್ ಹೋಯ್ತೇನೋ ಅಂತ ಒಂದು ಸಲ ನೋಡಿಕೊಂಡೆ, ಹೋಗಿರಲಿಲ್ಲ.

ಹುಡುಕೋರಿಗೆ ಒಂದು ಮಾತು: ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಂಡರೆ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಕೇಳೋದು ಅವಮಾನ ಅಲ್ಲ. ಗುಟ್ಟು ಕಾಪಾಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ತೆಳು ಗೋಡೆಗಳ ಬಗ್ಗೆ ಅದು ಏನೂ ಹೇಳಲ್ಲ ಬಿಡಿ.

ಮಳೆಗಾಲದ ಒಂದು ಗುರುವಾರ ಕಾರು ಸರ್ವಿಸ್‌ಗೆ ಹೋಗಿತ್ತು. ಬೇರೆ ದಾರಿಯಿಲ್ಲದೆ ರೂಮಿನ ಬಾಗಿಲು ಹಾಕಿಕೊಂಡು, ಬೆಡ್‌ಶೀಟ್ ಹೊದ್ದು ಪಿಸುಗುಟ್ಟುತ್ತಾ ಕೂತೆ. ಐದು ನಿಮಿಷಕ್ಕೆ ಹಾಲ್‌ನಲ್ಲಿ ರೇಡಿಯೋ ಶುರುವಾಯ್ತು. ಅಣ್ಣ ಹೋದಮೇಲೆ ಯಾರೂ ಮುಟ್ಟದೇ ಇದ್ದ ರೇಡಿಯೋ, 100.6, ಮೈಸೂರು ಆಕಾಶವಾಣಿ, ಪಕ್ಕದ ಮನೆಗೂ ಕೇಳೋ ಹಾಗೆ. ಕಾಲ್ ಮುಗಿಸಿ ಹೊರಗೆ ಬಂದಾಗ ಅಮ್ಮ ಬೀನ್ಸ್ ನಾರು ಬಿಡಿಸ್ತಿದ್ದಳು.

"ಯಾಕಮ್ಮ ಇಷ್ಟು ಜೋರು?"

"ನೀನು ಕೆರೆ ಹತ್ರ ಹೋಗಿ ಮಾತಾಡ್ತೀಯಂತೆ. ಸುಬ್ಬಕ್ಕ ನೋಡಿದ್ರಂತೆ. ಮಳೇಲಿ ಅಲ್ಲಿಗೆ ಯಾಕೆ ಹೋಗ್ತೀಯೋ, ಇಲ್ಲೇ ಮಾತಾಡು. ನಂಗೇನೂ ಕೇಳ್ಸಲ್ಲ."

ಮರುದಿನ ರೇಡಿಯೋಗೆ ಹೊಸ ಸೆಲ್ ತಂದು ಹಾಕಿದೆ.