ಭೂಮಿ ಸೂರ್ಯನಿಂದ ಸಿಡಿದ ತುಂಡೇ? ನಕ್ಷತ್ರ, ಗ್ರಹಗಳು ಹುಟ್ಟುವುದು ಹೀಗೆ

‘ಕೋಟ್ಯಂತರ ವರ್ಷಗಳ ಹಿಂದೆ ಸೂರ್ಯನಿಂದ ಉರಿಯುವ ತುಂಡೊಂದು ಸಿಡಿಯಿತು. ಅದೇ ತಣ್ಣಗಾಗಿ ಭೂಮಿಯಾಯಿತು.’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ನಿಜವೇ? ಅಲ್ಲ. ಸೂರ್ಯ ಮತ್ತು ಭೂಮಿ ಎರಡೂ ಒಂದೇ ಮೋಡದಿಂದ ಹುಟ್ಟಿದವು.

ಈ ಮಾತು ಬಂದಿದ್ದು ಎಲ್ಲಿಂದ?

ಇದು ಒಂದು ಕಾಲದಲ್ಲಿ ವಿಜ್ಞಾನಿಗಳೇ ಮಂಡಿಸಿದ್ದ ವಾದ. ಧೂಮಕೇತು ಬಡಿದು ಸೂರ್ಯನಿಂದ ಚಿಮ್ಮಿದ ದ್ರವ್ಯವೇ ಗ್ರಹಗಳಾಯಿತು ಎಂದು 18ನೇ ಶತಮಾನದಲ್ಲಿ ಫ್ರಾನ್ಸಿನ ಬ್ಯುಫೋನ್ ಹೇಳಿದ್ದರು. ಸೂರ್ಯನ ಹತ್ತಿರ ಹಾದುಹೋದ ಇನ್ನೊಂದು ನಕ್ಷತ್ರ ಆ ದ್ರವ್ಯವನ್ನು ಎಳೆದುಹಾಕಿತು ಎಂದು 20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಜೇಮ್ಸ್ ಜೀನ್ಸ್ ವಾದಿಸಿದರು.

ಆದರೆ ಅಷ್ಟು ಬಿಸಿ ಅನಿಲ ಗಟ್ಟಿಯಾಗದೆ ಹಿಗ್ಗಿ ಚದುರಿಹೋಗುತ್ತದೆ ಎಂದು 1939ರಲ್ಲಿ ಅಮೆರಿಕದ ಲೈಮನ್ ಸ್ಪಿಟ್ಜರ್ ಲೆಕ್ಕ ಹಾಕಿ ತೋರಿಸಿದರು. ಇನ್ನೊಂದು ಸಾಕ್ಷಿ ನಮ್ಮ ಸಮುದ್ರದ ನೀರಿನಲ್ಲೇ ಇದೆ. ಅದರಲ್ಲಿ ಡ್ಯುಟೀರಿಯಂ ಎಂಬ ಭಾರವಾದ ಹೈಡ್ರೋಜನ್ ಸ್ವಲ್ಪ ಇದೆ. ಸೂರ್ಯನಲ್ಲಿದ್ದ ಡ್ಯುಟೀರಿಯಂ ಅದರ ಎಳವೆಯಲ್ಲೇ ಉರಿದು ಮುಗಿದಿದೆ.

ಹಾಗಾದರೆ ಆಗಿದ್ದೇನು?

1. ನಕ್ಷತ್ರಗಳ ನಡುವೆ ಅನಿಲ ಮತ್ತು ದೂಳಿನ ಭಾರೀ ಮೋಡಗಳಿವೆ. ಅವು ಅತಿ ತಣ್ಣಗಿರುತ್ತವೆ, ಸುಮಾರು ಮೈನಸ್ 260 ಡಿಗ್ರಿ ಸೆಲ್ಸಿಯಸ್. ಅವುಗಳಲ್ಲಿ ದಟ್ಟವಾದ ಭಾಗ ತನ್ನದೇ ಗುರುತ್ವದಿಂದ ಕುಸಿಯತೊಡಗುತ್ತದೆ.

2. ಕುಸಿಯುತ್ತಾ ಹೋದಂತೆ ಮೋಡ ವೇಗವಾಗಿ ತಿರುಗುತ್ತದೆ, ಚಪ್ಪಟೆಯಾಗಿ ತಟ್ಟೆಯಂತಾಗುತ್ತದೆ. ನಡುವಿನ ಉಂಡೆ ಬಿಸಿಯಾಗುತ್ತದೆ. ಅದರ ಒಳಗಿನ ಶಾಖ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗತೊಡಗುತ್ತದೆ. ಅದೇ ನಕ್ಷತ್ರ.

3. ತಟ್ಟೆಯಲ್ಲಿ ಉಳಿದ ದೂಳಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಕಲ್ಲಾಗುತ್ತವೆ, ಬಂಡೆಯಾಗುತ್ತವೆ, ಕೊನೆಗೆ ಗ್ರಹವಾಗುತ್ತವೆ. ನಕ್ಷತ್ರದ ಹತ್ತಿರ ಬಿಸಿ ಹೆಚ್ಚು, ಅಲ್ಲಿ ಗಟ್ಟಿಯಾಗಿ ಉಳಿಯುವುದು ಕಲ್ಲು ಮತ್ತು ಲೋಹ ಮಾತ್ರ. ಭೂಮಿ, ಮಂಗಳ ಹುಟ್ಟಿದ್ದು ಹೀಗೆ. ದೂರದಲ್ಲಿ ಹಿಮವೂ ಸೇರಿ ಬೆಳೆದ ಗುರು, ಶನಿಗಳು ಅನಿಲವನ್ನೂ ಎಳೆದುಕೊಂಡು ದೈತ್ಯರಾದವು.

ನಮ್ಮ ಸೌರಮಂಡಲದಲ್ಲಿ ಇದು ಶುರುವಾಗಿದ್ದು ಸುಮಾರು 457 ಕೋಟಿ ವರ್ಷಗಳ ಹಿಂದೆ. ಉಲ್ಕಾಶಿಲೆಗಳಲ್ಲಿರುವ ಅತ್ಯಂತ ಹಳೆಯ ಕಣಗಳ ವಯಸ್ಸು ಅಷ್ಟು.

ಯಾರಾದರೂ ನೋಡಿದ್ದಾರಾ?

ನಮ್ಮ ಸೂರ್ಯ ಹುಟ್ಟಿದ್ದನ್ನು ಯಾರೂ ನೋಡಿಲ್ಲ. ಬೇರೆ ನಕ್ಷತ್ರಗಳು ಹುಟ್ಟುವುದನ್ನು ಮಾತ್ರ ಈಗಲೂ ನೋಡಬಹುದು. 2014ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕಗಳು ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಚಿತ್ರ ತೆಗೆದವು. ಅದರ ಸುತ್ತ ದೂಳಿನ ತಟ್ಟೆ, ತಟ್ಟೆಯಲ್ಲಿ ಉಂಗುರಗಳಂಥ ಖಾಲಿ ಜಾಗಗಳು ಸ್ಪಷ್ಟವಾಗಿ ಕಂಡವು. 2018ರಲ್ಲಿ ಪಿಡಿಎಸ್ 70 ಎಂಬ ನಕ್ಷತ್ರದ ತಟ್ಟೆಯ ಅಂಥದೇ ಖಾಲಿ ಜಾಗದಲ್ಲಿ ಬೆಳೆಯುತ್ತಿರುವ ಗ್ರಹವೇ ಕಾಣಿಸಿತು.

ಇದರಿಂದೇನು?

ಗ್ರಹಗಳು ಅಪರೂಪದ ಅಪಘಾತದಿಂದ ಹುಟ್ಟುವುದಾದರೆ ಭೂಮಿಯಂಥ ಲೋಕಗಳು ಎಲ್ಲೋ ಒಂದೆರಡು ಇರಬೇಕಿತ್ತು. ನಕ್ಷತ್ರದ ಜೊತೆಗೇ ಹುಟ್ಟುವುದಾದರೆ ಎಲ್ಲೆಡೆ ಇರಬೇಕು. ಸೌರಮಂಡಲದಾಚೆ ಈವರೆಗೆ 5,000ಕ್ಕೂ ಹೆಚ್ಚು ಗ್ರಹಗಳು ಸಿಕ್ಕಿವೆ.

ಜನವರಿ, ಫೆಬ್ರುವರಿ ರಾತ್ರಿಗಳಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಸಾಲಾದ ಮೂರು ನಕ್ಷತ್ರಗಳನ್ನು ಹುಡುಕಿ. ಕತ್ತಲು ಚೆನ್ನಾಗಿದ್ದರೆ ಅವುಗಳ ದಕ್ಷಿಣಕ್ಕೆ ಮಸುಕಾದ ಬೆಳಕಿನ ಚುಕ್ಕೆಯೊಂದು ಬರಿಗಣ್ಣಿಗೇ ಕಾಣುತ್ತದೆ. ಅದು ಸುಮಾರು 1,300 ಜ್ಯೋತಿರ್ವರ್ಷ ದೂರದ ಅನಿಲ ಮೋಡ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.