ಗಾಳಿಗೆ ಒಗ್ಗಿದ ಜನರೇಟರು

ಬಾಳೂರಿನ ಕಾಫಿತೋಟಗಳಲ್ಲಿ ಆಷಾಢದ ಗಾಳಿ ಕಂಡವರಿಗೆ ಗೊತ್ತು: ಅದು ಒಂದೇ ವೇಗದಲ್ಲಿ ಬೀಸುವುದಿಲ್ಲ. ನಮ್ಮ ವಿದ್ಯುತ್ ಜಾಲಕ್ಕಾದರೋ ಸೆಕೆಂಡಿಗೆ 50 ಆವರ್ತಗಳೇ ಬೇಕು. ಈ ಜಗಳ ಬಿಡಿಸಿದ ಕಥೆಯೇ ಗಾಳಿಯಂತ್ರದ ಜನರೇಟರಿನ ಚರಿತ್ರೆ.

1888ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಷ್ ಗಾಳಿಯಿಂದ ಡೈನಮೋ ತಿರುಗಿಸಿ ಬ್ಯಾಟರಿ ತುಂಬಿಸಿದರು. ಅವರಿಗೆ ಜಾಲದ ಗೊಡವೆಯೇ ಇರಲಿಲ್ಲ. 1957ರಲ್ಲಿ ಡೆನ್ಮಾರ್ಕಿನ ಗೆಡ್ಸರ್‌ನಲ್ಲಿ ಯೊಹಾನೆಸ್ ಯೂಲ್ ನಿಲ್ಲಿಸಿದ 200 ಕಿಲೋವಾಟ್ ಯಂತ್ರದ ಇಂಡಕ್ಷನ್ ಜನರೇಟರು ನೇರವಾಗಿ ಜಾಲಕ್ಕೆ ಸೇರಿತು. ಆದರೆ ಈ ಬಗೆಯ ಜನರೇಟರಿನ ವೇಗ ಹೆಚ್ಚುಕಡಿಮೆ ಸ್ಥಿರ. ಮುಂದೆ ಬಂದ ಇಂಥ ಯಂತ್ರಗಳಲ್ಲಿ ಗಾಳಿ ರಭಸದಿಂದ ಬಡಿದಾಗ ಪೆಟ್ಟು ತಿನ್ನುತ್ತಿದ್ದುದು ಗೇರುಪೆಟ್ಟಿಗೆ.

1990ರ ದಶಕದ ಆರಂಭದಲ್ಲಿ ಜರ್ಮನಿಯ ಎನರ್ಕಾನ್ ಕಂಪನಿ ಗೇರನ್ನೇ ಕೈಬಿಟ್ಟಿತು. ರೆಕ್ಕೆಗಳ ಜೊತೆಗೇ ನಿಧಾನವಾಗಿ ತಿರುಗುವ ದೊಡ್ಡ ಉಂಗುರದಂಥ ಜನರೇಟರು. ಅದರ ಏರಿಳಿತದ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿಸಿ, ಬಳಿಕ ಇನ್ವರ್ಟರು 50 ಆವರ್ತಕ್ಕೆ ತರುತ್ತದೆ. ಚಿತ್ರದುರ್ಗದ ಗುಡ್ಡಗಳಿಗೂ ಗೇರಿಲ್ಲದ ಈ ಯಂತ್ರಗಳು ಬಂದವು. ಭಾರವೇನೋ ಹೆಚ್ಚು, ಗುಡ್ಡದ ತುದಿಗೆ ಸಾಗಿಸಿ, ಕಂಬದ ನೆತ್ತಿಗೆ ಏರಿಸುವುದೇ ಒಂದು ಸಾಹಸ.